ಪೈನ್‌ವಿಲ್‌ನ ಹುಡುಗ, ಅಜ್ಜಿಯ ‘ಉಷ್ಣ’ ಮತ್ತು ಒಂದು ಕಲ್ಲು

ಈ ಸಲದ ಮಾತು ಕಿಡ್ನಿ ಕಲ್ಲಿನ ಬಗ್ಗೆ. “ಅದು ಅಪ್ಪನ ವಯಸ್ಸಿನವರ ಕಾಯಿಲೆ ಅಲ್ವಾ ಆಂಟಿ?” ಎಂದು ನೀವು ಮುಂದಿನ ಪುಟಕ್ಕೆ ಹಾರುವ ಮೊದಲು ನಮ್ಮ ಪಕ್ಕದ ಊರಿನ ಹುಡುಗನೊಬ್ಬನ ಕಥೆ ಕೇಳಿಬಿಡಿ.

ಫೋರ್ಟ್ ಮಿಲ್‌ನಿಂದ ಉತ್ತರಕ್ಕೆ ಹೊರಟು ರಾಜ್ಯದ ಗಡಿ ದಾಟಿದರೆ ಪೈನ್‌ವಿಲ್. ಅಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಪುಟ್ಟ ಮನೆಯೊಂದಿದೆ. ಶಾಲೆಯ ಫೀಲ್ಡ್ ಟ್ರಿಪ್‌ನಲ್ಲಿ ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅಮೆರಿಕದ 11ನೆಯ ಅಧ್ಯಕ್ಷ ಜೇಮ್ಸ್ ಕೆ. ಪೋಲ್ಕ್ 1795ರ ನವೆಂಬರ್ 2ರಂದು ಹುಟ್ಟಿದ್ದು ಆ ಜಾಗದಲ್ಲಿ. (ಈಗ ಅಲ್ಲಿರುವುದು ಮೂಲ ಮನೆಯಲ್ಲ, ಆ ಕಾಲದ ಮನೆ ಹೀಗಿತ್ತು ಎಂದು ತೋರಿಸಲು ನಿಲ್ಲಿಸಿದ್ದು.) ನಮ್ಮ ಕನ್ನಡಿಗರು ತುಂಬಿಕೊಂಡಿರುವ ಕ್ಯಾಲಿಫೋರ್ನಿಯಾ ಈ ದೇಶಕ್ಕೆ ಸೇರಿದ್ದು ಇವನ ಆಳ್ವಿಕೆಯಲ್ಲಿ. ಆದರೆ ನಾನು ಹೇಳಹೊರಟಿರುವುದು ಅಧ್ಯಕ್ಷನ ಕಥೆಯಲ್ಲ, ಅವನಿಗೆ 17 ತುಂಬುವ ಹೊತ್ತಿನ ಕಥೆ.

1806ರಲ್ಲಿ ಪೋಲ್ಕ್ ಕುಟುಂಬ ಟೆನೆಸಿಗೆ ಗುಳೆ ಹೋಯಿತು. ಮಗ ಜೇಮ್ಸ್ ಸದಾ ಬಡಕಲು. ಆಗಾಗ ಹೊಟ್ಟೆನೋವು. ಹೊಲದ ಕೆಲಸ ಅವನಿಂದ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೆ ನರಳಿದ ಮೇಲೆ, ಇದು ಬರೀ ಹೊಟ್ಟೆನೋವಲ್ಲ, ಮೂತ್ರಚೀಲದಲ್ಲಿ ಕಲ್ಲು ಎಂದು ಗೊತ್ತಾಯಿತು. ಫಿಲಡೆಲ್ಫಿಯಾದ ಹೆಸರಾಂತ ಶಸ್ತ್ರವೈದ್ಯ ಫಿಲಿಪ್ ಸಿಂಗ್ ಫಿಸಿಕ್ ಅವರ ಬಳಿಗೆ ಕರೆದೊಯ್ಯುವ ಆಲೋಚನೆಯಿತ್ತು. ಅಷ್ಟು ದೂರದ ಪ್ರಯಾಣವನ್ನು ಆ ನೋವು ತಡೆದುಕೊಳ್ಳುವಂತಿರಲಿಲ್ಲ. ಕೊನೆಗೆ 1812ರ ಶರತ್ಕಾಲದಲ್ಲಿ ಕೆಂಟಕಿಯ ಡ್ಯಾನ್‌ವಿಲ್‌ನಲ್ಲಿದ್ದ ಎಫ್ರಾಯಿಮ್ ಮೆಕ್‌ಡೊವೆಲ್ ಎಂಬ ವೈದ್ಯನ ಮನೆಗೆ ಕರೆದುಕೊಂಡು ಹೋದರು. ಹತ್ತಿರವೆಂದರೆ ಇದೂ ಇನ್ನೂರು ಮೈಲಿಯಷ್ಟು ದೂರವೇ. ಕಲ್ಲು ಹೊತ್ತ ಮೈಯಲ್ಲಿ ಆ ಕಾಲದ ದಾರಿಯ ಕುಲುಕಾಟ ಹೇಗಿದ್ದಿರಬಹುದು ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ.

ಅರಿವಳಿಕೆ ಎಂಬುದು ಇನ್ನೂ ಹುಟ್ಟಿರಲಿಲ್ಲ. ಹುಡುಗನಿಗೆ ಬ್ರಾಂದಿ ಕುಡಿಸಿದರು, ಹಿಡಿದುಕೊಂಡರು, ಕೊಯ್ದರು, ಕಲ್ಲು ತೆಗೆದರು. ಹುಡುಗ ಬದುಕಿದ! ಬದುಕಿದ್ದಷ್ಟೇ ಅಲ್ಲ, ಓದಿ, ವಕೀಲನಾಗಿ, ಕಾಂಗ್ರೆಸ್ ಸದಸ್ಯನಾಗಿ, 1826ರಲ್ಲಿ ಮೆಕ್‌ಡೊವೆಲ್‌ಗೆ ಕೃತಜ್ಞತೆಯ ಪತ್ರ ಬರೆದ. ಅವನಿಗೆ ಮಕ್ಕಳಾಗಲಿಲ್ಲ. ಆ ಶಸ್ತ್ರಚಿಕಿತ್ಸೆಯೇ ಕಾರಣವಿರಬಹುದು ಎಂದು ಕೆಲವು ಇತಿಹಾಸಕಾರರು ಊಹಿಸುತ್ತಾರೆ. ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಕ್ರಿಯೆ ಮಾಡಬಹುದೆಂದು ಬಾಸ್ಟನ್‌ನಲ್ಲಿ ಎಲ್ಲರೆದುರು ತೋರಿಸಿದ್ದು 1846ರ ಅಕ್ಟೋಬರ್ 16ರಂದು. ಆಗ ವೈಟ್ ಹೌಸ್‌ನಲ್ಲಿ ಕುಳಿತಿದ್ದವನು ಇದೇ ಪೋಲ್ಕ್. 34 ವರ್ಷ ತಡ. ಆ ಸುದ್ದಿ ಓದುವಾಗ ಅವನಿಗೆ ಏನನ್ನಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ಇನ್ನೂ ಹಿಂದಕ್ಕೆ ಹೋಗೋಣ. 1901ರಲ್ಲಿ ಈಜಿಪ್ಟಿನ ಎಲ್ ಅಮ್ರಾ ಎಂಬಲ್ಲಿ ಎಲಿಯಟ್ ಸ್ಮಿತ್ ಎಂಬ ವಿದ್ವಾಂಸ ಹಳೆಯ ಸಮಾಧಿಯೊಂದನ್ನು ಪರೀಕ್ಷಿಸುತ್ತಿದ್ದಾಗ ಅಸ್ಥಿಪಂಜರದ ಸೊಂಟದ ಮೂಳೆಗಳ ನಡುವೆ ಒಂದು ಕಲ್ಲು ಸಿಕ್ಕಿತು. ಮೂತ್ರಚೀಲದ ಕಲ್ಲು. ಐದು ಸಾವಿರ ವರ್ಷಗಳಿಗೂ ಹಿಂದಿನದು. ಸತ್ತವನ ವಯಸ್ಸು ಸುಮಾರು 16. ಪೈನ್‌ವಿಲ್‌ನ ಹುಡುಗನದೂ ಹೆಚ್ಚುಕಡಿಮೆ ಅದೇ ವಯಸ್ಸು ಎಂಬುದನ್ನು ನೆನಪಿನಲ್ಲಿಡಿ, ಇದು ಮುಂದೆ ಬೇಕಾಗುತ್ತದೆ.

ನಮ್ಮ ಕಡೆ ಇದರ ಹೆಸರು ‘ಅಶ್ಮರಿ’. ‘ಅಶ್ಮ’ ಎಂದರೆ ಸಂಸ್ಕೃತದಲ್ಲಿ ಕಲ್ಲು. ಲ್ಯಾಟಿನ್ನಿನಲ್ಲಿ ಪುಟ್ಟ ಕಲ್ಲಿಗೆ ‘ಕ್ಯಾಲ್ಕ್ಯುಲಸ್’ ಎನ್ನುತ್ತಾರೆ. ಹರಳು ಎಣಿಸಿ ಲೆಕ್ಕ ಮಾಡುತ್ತಿದ್ದರಲ್ಲ, ಹಾಗಾಗಿ ನಿಮ್ಮ ಎಪಿ ಕ್ಲಾಸಿನ ಕ್ಯಾಲ್ಕ್ಯುಲಸ್ ಮತ್ತು ವೈದ್ಯರು ಬರೆಯುವ ಕ್ಯಾಲ್ಕ್ಯುಲಸ್ ಎರಡೂ ಒಂದೇ ಕಲ್ಲಿನಿಂದ ಹುಟ್ಟಿದ ಮಾತುಗಳು. ಎರಡರಲ್ಲಿ ಹೆಚ್ಚು ನೋವು ಕೊಡುವುದು ಯಾವುದು ಎಂಬ ಚರ್ಚೆ ನಿಮಗೆ ಬಿಟ್ಟದ್ದು.

ಸುಶ್ರುತ ಸಂಹಿತೆಯಲ್ಲಿ ಅಶ್ಮರಿಗೆಂದೇ ಒಂದು ಅಧ್ಯಾಯವಿದೆ. ಎಕ್ಸ್‌ರೇ ಇಲ್ಲ, ಲ್ಯಾಬ್ ಇಲ್ಲ, ಒಳಗೇನಿದೆ ಎಂದು ನೋಡುವ ಯಾವ ದಾರಿಯೂ ಇಲ್ಲ. ಇದ್ದದ್ದು ಎರಡು ಕಣ್ಣು, ಎರಡು ಕಿವಿ, ಮತ್ತು ರೋಗಿಯ ಮಾತು. ಅಷ್ಟರಿಂದಲೇ ಅವರು ಕಂಡುಕೊಂಡ ಲಕ್ಷಣಗಳನ್ನು ಓದಿದರೆ ಬೆರಗಾಗುತ್ತದೆ. ಹೊಕ್ಕುಳ ಸುತ್ತ, ಕಿಬ್ಬೊಟ್ಟೆಯಲ್ಲಿ, ಗುಪ್ತಾಂಗದಲ್ಲಿ ನೋವು. ಮೂತ್ರದ ಧಾರೆ ಹರಿಯುತ್ತಿದ್ದದ್ದು ತಟ್ಟನೆ ನಿಲ್ಲುವುದು. ಮೂತ್ರದಲ್ಲಿ ರಕ್ತ, ಕೆಲವೊಮ್ಮೆ ಮರಳು. ಗೋಮೇದಕದಂಥ ಬಣ್ಣ. ಊಟ ಸೇರದಿರುವುದು, ಜ್ವರ. ಓಡಿದರೆ, ಹಾರಿದರೆ, ಈಜಿದರೆ, ಸವಾರಿ ಮಾಡಿದರೆ, ಬಿಸಿಲಿಗೆ ಹೋದರೆ, ಬಹುದೂರ ನಡೆದರೆ ನೋವು ಜಾಸ್ತಿ. ಮೂತ್ರಕ್ಕೆ ಹೋತದ ವಾಸನೆ ಎಂದೂ ಹೇಳುತ್ತಾರೆ! ಇಷ್ಟು ಹತ್ತಿರದಿಂದ ನೋಡಿದವರು ರೋಗಿಯ ಮಾತನ್ನು ಎಷ್ಟು ತಾಳ್ಮೆಯಿಂದ ಕೇಳಿರಬೇಕು. ಔಷಧಿಗೆ ಬಗ್ಗದ ಕಲ್ಲನ್ನು ಕೊಯ್ದು ತೆಗೆಯುವ ವಿಧಾನವನ್ನೂ ಹೇಳಿ, ಮೊದಲು ಅರಸನ ಅಪ್ಪಣೆ ಪಡೆಯಬೇಕು ಎನ್ನುತ್ತಾರೆ. ಕೊಯ್ಯದಿದ್ದರೆ ಸಾವು ಖಚಿತ, ಕೊಯ್ದರೆ ಬದುಕು ಸಂಶಯ ಎಂಬ ಪರಿಸ್ಥಿತಿ. ಅತ್ತ ಗ್ರೀಸಿನ ಹಿಪೊಕ್ರಟಿಕ್ ಪ್ರತಿಜ್ಞೆಯಲ್ಲಿ, ಕಲ್ಲಿಗಾಗಿ ನಾನು ಕೊಯ್ಯುವುದಿಲ್ಲ, ಆ ಕೆಲಸ ಬಲ್ಲವರಿಗೆ ಬಿಡುತ್ತೇನೆ ಎಂಬ ಮಾತೇ ಇದೆ. ಅಷ್ಟು ಭಯ.

ಕನ್ನಡ ಓದಿದವಳಾಗಿ ಒಂದು ಮಾತು ಸೇರಿಸದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಈ ವೈದ್ಯಜ್ಞಾನ ಸಂಸ್ಕೃತದಲ್ಲೇ ಉಳಿಯಲಿಲ್ಲ. 12ನೆಯ ಶತಮಾನದಲ್ಲೇ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ ಎಂಬ ವೈದ್ಯಗ್ರಂಥವನ್ನು ಕನ್ನಡದಲ್ಲಿ ಬರೆದ. ಚಾಲುಕ್ಯ ರಾಜಪುತ್ರ ಕೀರ್ತಿವರ್ಮ ದನಕರುಗಳ ಕಾಯಿಲೆಗಳ ಬಗ್ಗೆ ‘ಗೋವೈದ್ಯ’ ಬರೆದ. ಕಾಯಿಲೆಯ ಬಗ್ಗೆ ಕನ್ನಡದಲ್ಲಿ ನಿಖರವಾಗಿ ಮಾತಾಡುವುದು ಹೊಸದೇನಲ್ಲ ಎನ್ನುವುದಕ್ಕೆ ಹೇಳಿದೆ.

ಏಕೆಂದರೆ ಇಲ್ಲಿ ನಾವು ಎಡವುವುದು ಮಾತಿನಲ್ಲೇ. ಬೇಸಿಗೆ ಬಂತೆಂದರೆ ನಮ್ಮ ಊರಿನ ಮನೆಮನೆಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಅಜ್ಜಿ ತಾತಂದಿರು ಬಂದಿಳಿಯುತ್ತಾರೆ. ಸ್ವಯಂಸೇವಕಿಯಾಗಿ ಅಂಥ ಹಿರಿಯರ ಜೊತೆ ನಾನು ಕೆಲವು ಸಲ ಆಸ್ಪತ್ರೆಗೆ ಹೋಗಿದ್ದುಂಟು. ಒಮ್ಮೆ ಒಬ್ಬ ಅಜ್ಜಿ ಹಾಸಿಗೆಯ ಮೇಲೆ ಕೂರಲಾಗದೆ, ಮಲಗಲಾಗದೆ, ಸೊಂಟ ಒತ್ತಿಹಿಡಿದು ಓಡಾಡುತ್ತಿದ್ದರು. “ಏನಿಲ್ಲ ಮಗಾ, ಉಷ್ಣ ಆಗಿದೆ ಅಷ್ಟೇ” ಎಂದರು. ಹತ್ತನೆಯ ಕ್ಲಾಸಿನ ಮೊಮ್ಮಗ ಅದನ್ನು ಪ್ರಾಮಾಣಿಕವಾಗಿ ಇಂಗ್ಲಿಷಿಗೆ ತಂದ: “ಶೀ ಈಸ್ ಫೀಲಿಂಗ್ ಹಾಟ್.” ನರ್ಸ್ ಹೋಗಿ ಎಸಿ ಜಾಸ್ತಿ ಮಾಡಿ ಬಂದರು.

ಹುಡುಗನದೇನೂ ತಪ್ಪಿಲ್ಲ. ಅಜ್ಜಿಯದೂ ಇಲ್ಲ. ನಮ್ಮಲ್ಲಿ ‘ಉಷ್ಣ’ ಎಂದರೆ ಹತ್ತು ಅರ್ಥ: ಬಾಯಿಹುಣ್ಣು, ಕಣ್ಣುರಿ, ಪಿತ್ತ, ಗುಳ್ಳೆ, ಜೊತೆಗೆ ಹೇಳಲು ನಾಚಿಕೆಯಾಗುವ ಉರಿಮೂತ್ರ. ಮೊಮ್ಮಗನ ಎದುರು ‘ಮೂತ್ರ’ ಎಂಬ ಮಾತು ಆಡಲು ಸಂಕೋಚಪಡುವ ಹಿರಿಯರು ‘ಉಷ್ಣ’ದ ಹಿಂದೆ ಅಡಗಿಕೊಳ್ಳುತ್ತಾರೆ. “ಸೊಂಟ ಹಿಡ್ಕೊಂಡಿದೆ”, “ಗ್ಯಾಸ್ ತುಂಬಿದೆ” ಎನ್ನುವುದೂ ಹೀಗೆಯೇ. ಆದ್ದರಿಂದ ನೀವು ಅನುವಾದಿಸುವ ಮೊದಲು ಕೇಳಬೇಕು. ನೋವು ಎಲ್ಲಿ ಶುರುವಾಯಿತು? ಪಕ್ಕೆಯ ಹಿಂಭಾಗದಲ್ಲೋ, ಹೊಟ್ಟೆಯಲ್ಲೋ? ಅಲ್ಲೇ ನಿಂತಿದೆಯೋ, ಕೆಳಗೆ ತೊಡೆಸಂದಿನ ಕಡೆಗೆ ಇಳಿಯುತ್ತಿದೆಯೋ? ಒಂದೇ ಸಮ ಇದೆಯೋ, ಹಿಂಡಿದ ಹಾಗೆ ಬಂದು ಬಂದು ಹೋಗುತ್ತಿದೆಯೋ? ಹೋಗಬೇಕು ಅನಿಸುತ್ತದೆ, ಹೋದರೆ ಎರಡೇ ಹನಿ, ಉರಿ, ಹೀಗಾಗುತ್ತಿದೆಯೇ? ಕೆಂಪಗೆ ಅಥವಾ ಚಹಾದ ಬಣ್ಣಕ್ಕೆ ಹೋಯಿತೇ? ವಾಂತಿ? ಚಳಿಜ್ವರ? ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ, ಉತ್ತರಗಳನ್ನಷ್ಟೇ ಇಂಗ್ಲಿಷಿನಲ್ಲಿ ಹೇಳಿ.

ಇನ್ನೊಂದು ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಬೇರಿನಿಂದ ಬಂದ ನಿಯಮ ಇದು. ಕನ್ನಡ ಬೇಕು ಎಂದು ಕೇಳಿ, “ಹಿಂದಿ ಆದರೂ ಓಕೆ” ಎನ್ನಬೇಡಿ. ಅಜ್ಜಿಗೆ ಹಿಂದಿ ಸೀರಿಯಲ್ ನೋಡುವಷ್ಟು ಬರುತ್ತದೆ, ನೋವು ಹೇಳುವಷ್ಟು ಬರುವುದಿಲ್ಲ.

ಹಳೆಯ ಕಾಲದ ಕಲ್ಲಿಗೂ ಇಂದಿನದಕ್ಕೂ ಒಂದು ವ್ಯತ್ಯಾಸವಿದೆ. ಪೋಲ್ಕ್‌ನದು, ಈಜಿಪ್ಟಿನ ಹುಡುಗನದು, 1658ರ ಮಾರ್ಚ್ 26ರಂದು ಲಂಡನ್ನಿನಲ್ಲಿ ಕಲ್ಲು ತೆಗೆಸಿಕೊಂಡು ಆ ದಿನವನ್ನು ಹಬ್ಬದಂತೆ ಆಚರಿಸುತ್ತಿದ್ದ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್‌ನದು, ಎಲ್ಲವೂ ಮೂತ್ರಚೀಲದ ಕಲ್ಲುಗಳು. ಬರೀ ಧಾನ್ಯ ತಿಂದು ಬೆಳೆಯುವ ಬಡ ಮಕ್ಕಳಲ್ಲಿ ಅವು ಹೆಚ್ಚಾಗಿರುತ್ತಿದ್ದವು. ಊಟ ಸುಧಾರಿಸಿದ ದೇಶಗಳಲ್ಲಿ ಮಕ್ಕಳ ಮೂತ್ರಚೀಲದ ಕಲ್ಲು ಬಹುಮಟ್ಟಿಗೆ ಮಾಯವಾಯಿತು. ಈಗ ಕಾಡುವುದು ಮೇಲಿನ ಮನೆಯದು, ಅಂದರೆ ಕಿಡ್ನಿಯ ಕಲ್ಲು. ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿ ಹರಳುಗಟ್ಟಿದ್ದೇ ಹೆಚ್ಚು. ಕಿಡ್ನಿಯಲ್ಲಿ ಸುಮ್ಮನೆ ಕುಳಿತಿರುವಷ್ಟು ಕಾಲ ಅದು ಬಾಯಿ ಬಿಡದೆ ಇರಬಹುದು. ಮೂತ್ರನಾಳಕ್ಕೆ ಜಾರಿ ಸಿಕ್ಕಿಹಾಕಿಕೊಂಡಾಗ ಶುರುವಾಗುತ್ತದೆ ಕಥೆ.

ಆ ನೋವಿನ ಗುರುತು ಅದರ ಚಡಪಡಿಕೆ. ಅಪೆಂಡಿಕ್ಸ್ ಊದಿಕೊಂಡವನು ಅಲುಗಾಡದೆ ಮಲಗುತ್ತಾನೆ, ಕೆಮ್ಮಿದರೂ ನೋವು. ಕಲ್ಲು ಸಿಕ್ಕಿಕೊಂಡವನಿಗೆ ಯಾವ ಭಂಗಿಯಲ್ಲೂ ನೆಮ್ಮದಿಯಿಲ್ಲ. ಎದ್ದು ಕೂತು, ನೆಲದ ಮೇಲೆ ಉರುಳಿ, ಗೋಡೆಗೆ ಒರಗಿ ಒದ್ದಾಡುತ್ತಾನೆ. ನೋವು ಪಕ್ಕೆಲುಬಿನ ಕೆಳಗೆ ಬೆನ್ನಿನಲ್ಲಿ ಹುಟ್ಟಿ ಸುತ್ತಿಕೊಂಡು ಮುಂದೆ ಕೆಳಕ್ಕೆ ಇಳಿಯುತ್ತದೆ, ಕಲ್ಲು ಇಳಿದಂತೆ ನೋವೂ ಇಳಿಯುತ್ತದೆ. ಮೂತ್ರಚೀಲದ ಬಾಗಿಲಿಗೆ ಬಂದಾಗ ಪದೇ ಪದೇ ಹೋಗಬೇಕೆನಿಸುವುದು, ಉರಿ. ಆದರೆ ಮಕ್ಕಳಲ್ಲಿ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ, ಬರೀ “ಹೊಟ್ಟೆನೋವು” ಎನ್ನಬಹುದು, ಪೋಲ್ಕ್‌ನ ಮನೆಯಲ್ಲಿ ವರ್ಷಗಟ್ಟಲೆ ಅಂದುಕೊಂಡ ಹಾಗೆ. 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ.

ಕಾಯಬಾರದ ಸಂದರ್ಭಗಳೂ ಇವೆ. ನೋವಿನ ಜೊತೆ ಚಳಿಜ್ವರ ಬಂದರೆ, ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಬೆಳೆದಿರಬಹುದು. ಆಗ ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ, ಆ ರಾತ್ರಿಯೇ ಎಮರ್ಜೆನ್ಸಿಗೆ ಹೋಗಬೇಕು. ಮೂತ್ರ ಪೂರ್ತಿ ನಿಂತರೆ, ವಾಂತಿಯಿಂದ ನೀರೂ ನಿಲ್ಲದಿದ್ದರೆ, ಒಂದೇ ಕಿಡ್ನಿ ಇರುವವರಾದರೆ ಅಥವಾ ಗರ್ಭಿಣಿಯಾದರೆ ಕೂಡ ಹಾಗೆಯೇ. 60 ದಾಟಿದ ಅಜ್ಜಿ ತಾತನಿಗೆ ಜೀವಮಾನದಲ್ಲಿ ಮೊದಲ ಸಲ ಇಂಥ ನೋವು ಬಂದರೆ ಕಲ್ಲೇ ಎಂದು ಮನೆಯಲ್ಲಿ ತೀರ್ಮಾನಿಸಬೇಡಿ. ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿ ಬಿರಿಯುವಾಗಲೂ ಹೀಗೆಯೇ ನೋಯುತ್ತದೆ, ಅದಕ್ಕೆ 911. ಹುಡುಗಿಯರಲ್ಲಿ ಅಂಡಾಶಯ, ಹುಡುಗರಲ್ಲಿ ವೃಷಣ ತಿರುಚಿಕೊಂಡರೂ ಕಿಬ್ಬೊಟ್ಟೆಯ ನೋವಾಗಿ ಕಾಣಿಸಬಹುದು. ಹುಡುಗರೇ, ಮುಖ ಕೆಂಪು ಮಾಡಿಕೊಳ್ಳಬೇಡಿ, ಇದರಲ್ಲಿ ನಿಮಗಿರುವುದು ಕೆಲವೇ ಗಂಟೆ. ಅಮ್ಮನಿಗೆ ಹೇಳಲಾಗದಿದ್ದರೆ ಅಪ್ಪನಿಗೆ, ಅವರಿಗೂ ಆಗದಿದ್ದರೆ ನರ್ಸಿಗೆ ಹೇಳಿ, ಆದರೆ ಹೇಳಿ.

ಈಗ ಆ 16ರ ಲೆಕ್ಕಕ್ಕೆ ಬರುತ್ತೇನೆ. ಅಮೆರಿಕದ ಆಗ್ನೇಯ ಭಾಗವನ್ನು, ಅಂದರೆ ಕ್ಯಾರೊಲಿನಾಗಳು ಮತ್ತು ಜಾರ್ಜಿಯಾದ ಸುತ್ತಿನ ಸೀಮೆಯನ್ನು, ವೈದ್ಯರು ‘ಸ್ಟೋನ್ ಬೆಲ್ಟ್’ ಎಂದು ಕರೆಯುತ್ತಾರೆ. ಸೆಕೆ ಹೆಚ್ಚು, ಬೆವರು ಹೆಚ್ಚು, ಮೂತ್ರ ಕಡಿಮೆ ಮತ್ತು ಗಟ್ಟಿ, ಹರಳುಗಟ್ಟಲು ಅನುಕೂಲ. ಸಕ್ಕರೆ ಪಾಕ ಏರಿದಾಗ ತಳದಲ್ಲಿ ಹರಳು ಕೂರುತ್ತದಲ್ಲ, ಹಾಗೆ. ದೇಶದಲ್ಲಿ 1990ರ ಸುಮಾರಿಗೆ ನೂರಕ್ಕೆ 5 ಜನ ವಯಸ್ಕರಿಗೆ ಕಲ್ಲು ಆಗಿದ್ದರೆ 2007ರಿಂದ 2010ರ ಸಮೀಕ್ಷೆಯಲ್ಲಿ ಅದು 8.8ಕ್ಕೆ ಏರಿತ್ತು. ಭೂಮಿ ಬಿಸಿಯಾದಂತೆ ಈ ಪಟ್ಟಿ ಉತ್ತರಕ್ಕೆ ಹಬ್ಬುತ್ತದೆ ಎಂದು 2008ರಲ್ಲಿ ಟೆಕ್ಸಾಸ್‌ನ ಸಂಶೋಧಕರು ಲೆಕ್ಕ ಹಾಕಿದರು. ಅಟ್ಲಾಂಟಾ ಸೇರಿದಂತೆ ಐದು ನಗರಗಳನ್ನು ನೋಡಿದ 2014ರ ಅಧ್ಯಯನವೊಂದರಲ್ಲಿ, ಸೆಕೆ ಏರಿದ ಮೂರು ದಿನದೊಳಗೇ ಕಲ್ಲಿನ ನೋವಿನಿಂದ ಬರುವವರ ಸಂಖ್ಯೆ ಏರುವುದು ಕಂಡಿತು. ಮೂರೇ ದಿನ!

ಆದರೆ ನನ್ನನ್ನು ಈ ವಿಷಯಕ್ಕೆ ಎಳೆದದ್ದು ನಮ್ಮದೇ ರಾಜ್ಯದ ಅಂಕಿಅಂಶ. ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯ ಗ್ರೆಗರಿ ಟೇಶಿಯನ್ ಮತ್ತು ಸಂಗಡಿಗರು ಸೌತ್ ಕ್ಯಾರೊಲಿನಾದ 1997ರಿಂದ 2012ರವರೆಗಿನ ದಾಖಲೆಗಳನ್ನು ಜಾಲಾಡಿ 2016ರಲ್ಲಿ ಪ್ರಕಟಿಸಿದರು. ಹದಿನಾರು ವರ್ಷಗಳಲ್ಲಿ ಹೊಸದಾಗಿ ಕಲ್ಲು ಆಗುವವರ ಪ್ರಮಾಣ ಒಟ್ಟಾರೆ ಶೇಕಡ 16 ಏರಿತ್ತು. ಅತಿ ವೇಗವಾಗಿ ಏರಿದ್ದು ಯಾರಲ್ಲಿ ಗೊತ್ತೆ? ಅಪ್ಪನ ವಯಸ್ಸಿನವರಲ್ಲಲ್ಲ, 15ರಿಂದ 19ರ ವಯಸ್ಸಿನವರಲ್ಲಿ, ಪ್ರತಿ ಐದು ವರ್ಷಕ್ಕೆ ಶೇಕಡ 26ರಂತೆ. ಅದರಲ್ಲೂ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಆ ವಯಸ್ಸಿನವರು ಎಂದರೆ ಇದನ್ನು ಓದುತ್ತಿರುವ ನೀವು. ಆಗಸ್ಟಿನ ಬಿಸಿಲಲ್ಲಿ ಬ್ಯಾಂಡ್ ಕ್ಯಾಂಪ್, ಸಂಜೆ ಸಾಕರ್ ಅಥವಾ ಭರತನಾಟ್ಯ, ಶಾಲೆಯ ಬಾತ್‌ರೂಮ್ ಗಲೀಜು ಎಂದು ನೀರೇ ಕುಡಿಯದೆ ಮನೆಗೆ ಬರುವುದು, ಬಂದ ಮೇಲೆ ಚಿಪ್ಸ್. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಹೋಗುತ್ತದೆ. ನಮ್ಮ ಉಪ್ಪಿನಕಾಯಿ, ಹಪ್ಪಳವನ್ನೂ ಇದರಿಂದ ಬಿಡುವಂತಿಲ್ಲ.

ಅಜ್ಜಿ ಹೇಳುವ ಬಾಳೆದಿಂಡಿನ ಪಲ್ಯ, ಹುರುಳಿ ಸಾರು, ಎಳನೀರಿನ ಬಗ್ಗೆ ನನಗೆ ಅಕ್ಕರೆಯಿದೆ. ಅವುಗಳಲ್ಲಿ ನೀರಿನಂಶ ಧಾರಾಳ, ಊಟಕ್ಕೂ ಚೆನ್ನ. ಆದರೆ ಸಿಕ್ಕಿಕೊಂಡ ಕಲ್ಲನ್ನು ಕರಗಿಸುತ್ತವೆ ಎಂದು ನಂಬಿ ಜ್ವರ ಬಂದವರನ್ನು ಮನೆಯಲ್ಲಿ ಕೂರಿಸಬಾರದು. ವೈದ್ಯರು ಒಪ್ಪುವ ಮದ್ದು ಬಹಳ ಸರಳವಾದದ್ದು: ಒಮ್ಮೆ ಕಲ್ಲು ಆದ ದೊಡ್ಡವರಲ್ಲಿ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು. ಕುಡಿದ ಲೆಕ್ಕವಲ್ಲ, ಹೊರಹೋದ ಲೆಕ್ಕ. ನಿಂಬೆ ಪಾನಕವೂ ಒಳ್ಳೆಯದು, ನಿಂಬೆಯ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯುತ್ತದೆ. ಸಕ್ಕರೆ ಕಡಿಮೆ ಇರಲಿ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ ಎಂದು ಹಾಲು ಮಜ್ಜಿಗೆ ಬಿಡುವವರಿದ್ದಾರೆ. ಅದು ತಿರುಗುಮುರುಗು. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಹಾಕುತ್ತದೆ. 2002ರಲ್ಲಿ ಇಟಲಿಯ ವೈದ್ಯರು 120 ಜನರನ್ನು ಐದು ವರ್ಷ ಗಮನಿಸಿ, ಕ್ಯಾಲ್ಸಿಯಂ ಬಿಟ್ಟವರಿಗಿಂತ ಅದನ್ನು ಇಟ್ಟುಕೊಂಡು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದವರಿಗೇ ಮರಳಿ ಕಲ್ಲು ಆಗಿದ್ದು ಕಡಿಮೆ ಎಂದು ತೋರಿಸಿದರು.

ಕ್ಯಾರೋವಿಂಡ್ಸ್‌ಗೆ ಸೀಸನ್ ಪಾಸ್ ಇರುವವರಿಗಾಗಿ ಒಂದು ಸುದ್ದಿ. ಮಿಶಿಗನ್‌ನ ಡೇವಿಡ್ ವಾರ್ಟಿಂಗರ್ ಎಂಬ ವೈದ್ಯರು ಸಿಲಿಕೋನ್ ಕಿಡ್ನಿಯೊಳಗೆ ನಿಜವಾದ ಕಲ್ಲುಗಳನ್ನಿಟ್ಟು, ಬ್ಯಾಗಿನಲ್ಲಿ ಹಾಕಿಕೊಂಡು ಫ್ಲಾರಿಡಾದ ಡಿಸ್ನಿಯಲ್ಲಿ ರೋಲರ್ ಕೋಸ್ಟರ್ ಹತ್ತಿದರು. ಹಿಂದಿನ ಸೀಟಿನಲ್ಲಿ ಸುಮಾರು 64 ಶೇಕಡ ಸಲ ಕಲ್ಲು ಜಾರಿತು, ಮುಂದಿನ ಸೀಟಿನಲ್ಲಿ 17. 2018ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು. ಕುಲುಕಾಟಕ್ಕೂ ಕಲ್ಲಿಗೂ ಇರುವ ನಂಟನ್ನು ಸುಶ್ರುತರ ಕಾಲದವರು ಪ್ರಶಸ್ತಿಯಿಲ್ಲದೆ ಬರೆದಿಟ್ಟಿದ್ದರು. ನೋವಿರುವಾಗ ಮಾತ್ರ ಈ ಪ್ರಯೋಗ ಬೇಡ.

ಉಳಿದ ಇತಿಹಾಸ ಚಕಚಕನೆ ಸಾಗಿತು. 1895ರಲ್ಲಿ ಎಕ್ಸ್‌ರೇ ಬಂತು, ಮರುವರ್ಷವೇ ಗ್ಲಾಸ್ಗೋದಲ್ಲಿ ಜಾನ್ ಮ್ಯಾಕಿಂಟೈರ್ ಕಿಡ್ನಿ ಕಲ್ಲಿನ ಚಿತ್ರ ತೆಗೆದರು. 1980ರ ಫೆಬ್ರವರಿ 7ರಂದು ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಚೌಸಿ ಮತ್ತು ತಂಡ ಮೈಗೆ ಕತ್ತಿ ತಾಗಿಸದೆ, ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಕಲ್ಲನ್ನು ಪುಡಿ ಮಾಡಿದರು. ಆ ಯಂತ್ರವನ್ನು ಕಟ್ಟಿದ್ದು ಡೋರ್ನಿಯರ್ ಎಂಬ ವಿಮಾನ ಕಂಪನಿ. 1984ರಲ್ಲಿ ಅದು ಅಮೆರಿಕಕ್ಕೂ ಬಂತು. ಈಗ ತೆಳ್ಳನೆಯ ಕೊಳವೆ ಒಳಗೆ ಇಳಿಸಿ ಲೇಸರ್‌ನಿಂದ ಒಡೆಯುವುದೂ ಇದೆ. ನಿಮ್ಮ ವಯಸ್ಸಿನವರಿಗೆ ಮೊದಲು ಅಲ್ಟ್ರಾಸೌಂಡ್ ಸಾಕೇ ಎಂದು ಕೇಳುವುದು ಒಳ್ಳೆಯದು, ಸಿಟಿ ಸ್ಕ್ಯಾನಿನ ವಿಕಿರಣ ತಪ್ಪಬಹುದು.

ಕಲ್ಲು ತಾನಾಗಿ ಬಿದ್ದರೆ ಎಸೆಯಬೇಡಿ. ಎಲ್ ಅಮ್ರಾದ ಆ ಕಲ್ಲನ್ನು ಲಂಡನ್ನಿನ ಸರ್ಜನ್‌ಗಳ ಕಾಲೇಜಿನ ಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದರು, ಎರಡನೆಯ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಹೋಯಿತು. ನಿಮ್ಮದನ್ನು ಲ್ಯಾಬಿಗೆ ಕೊಟ್ಟರೆ ಅದು ಯಾವ ಬಗೆಯದು ಎಂದು ಹೇಳುತ್ತಾರೆ. ಸಿಸ್ಟೀನ್ ಎಂಬ ವಂಶಪಾರಂಪರ್ಯದ ಬಗೆಯೊಂದಿದೆ, ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ, ಅದರ ಔಷಧಿಯೇ ಬೇರೆ. ಕಲ್ಲು ಹಿಡಿಯಲು ಆಸ್ಪತ್ರೆಯವರೇ ಒಂದು ಪುಟ್ಟ ಜಾಲರಿ ಕೊಡುತ್ತಾರೆ. ಅಮ್ಮನ ಟೀ ಸೋಸುವ ಜರಡಿಯನ್ನು ಮಾತ್ರ ಮುಟ್ಟಬೇಡಿ.